ಚಳಿಗೆ ಕಲ್ಲಾದ ಹಿತ್ತಲ ಕೋಳಿ ಮೊಟ್ಟೆ ತಿನ್ನಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿನೆಸೋಟ ರಾಜ್ಯದ ಜನವರಿಯಲ್ಲಿ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವುದು ದೊಡ್ಡ ಸುದ್ದಿಯೇನಲ್ಲ. ಇಂಥ ಊರಲ್ಲೂ ಮನೆ ಹಿಂದೆ ನಾಲ್ಕಾರು ಕೋಳಿ ಸಾಕಿಕೊಂಡ ಕನ್ನಡದವರು ಇದ್ದೇವೆ. ಹಕ್ಕಿ ಜ್ವರದ ಹೊಡೆತಕ್ಕೆ 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿದಾಗ, "ನಾವೇ ಸಾಕೋಣ" ಅಂತ ಹೊಸದಾಗಿ ಗೂಡು ಕಟ್ಟಿದವರೂ ಇದ್ದಾರೆ. ಮೊದಲ ಚಳಿಗಾಲದಲ್ಲಿ ಎಲ್ಲರೂ ಕೇಳುವುದು ಇದನ್ನೇ: ಗೂಡಿನಲ್ಲಿ ಮೊಟ್ಟೆ ಕಲ್ಲಾಗಿ ಕೂತಿದೆ, ತಿನ್ನೋದಾ, ಬಿಸಾಡೋದಾ? ಸ್ನೇಹಿತರು, ನೆಂಟರು ಕೇಳಿದ್ದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಡಿಗ್ರಿ ಎಲ್ಲ ಸೆಲ್ಸಿಯಸ್ ಲೆಕ್ಕದಲ್ಲಿ.

ಸುತ್ತಿ ಬಳಸಿ ಹೇಳಬೇಡಿ. ತಿನ್ನಬಹುದಾ, ಇಲ್ವಾ?

ಚಿಪ್ಪು ಬಿರುಕು ಬಿಟ್ಟಿರಬಾರದು, ಮೇಲೆ ಕೊಳೆ ಇರಬಾರದು, ತಂದ ಕೂಡಲೇ ಫ್ರಿಜ್ಜೋ ಫ್ರೀಜರೋ ಸೇರಿರಬೇಕು. ಇಷ್ಟಿದ್ದರೆ ತಿನ್ನಬಹುದು. ಆದರೆ ಬಿಳಿ, ಹಳದಿ ಎರಡೂ ಗಟ್ಟಿಯಾಗುವ ತನಕ ಬೇಯಿಸಬೇಕು. ಬಿರುಕು ಬಿಟ್ಟಿದ್ದರೆ ಬಿಸಾಡಿ. ಅಮೆರಿಕದ ಕೃಷಿ ಇಲಾಖೆ ಹೇಳುವುದೂ ಇದನ್ನೇ. ಫ್ರೀಜ್ ಆಗುವಾಗ ಚಿಪ್ಪು ಒಡೆದಿದ್ದರೆ ಎಸೆಯಿರಿ, ಒಡೆಯದೆ ಇದ್ದದ್ದನ್ನು ಬೇಕಾಗುವ ತನಕ ಹೆಪ್ಪುಗಟ್ಟಿದ ಹಾಗೇ ಇಡಿ, ಆಮೇಲೆ ಫ್ರಿಜ್ಜಿನಲ್ಲಿ ಕರಗಿಸಿ ಬಳಸಿ ಅನ್ನುತ್ತದೆ.

ಎಲ್ಲರಿಗೂ ಚಳಿಯದೇ ಭಯ. ಆದರೆ ಚಳಿ ಮೊಟ್ಟೆಯನ್ನು ವಿಷ ಮಾಡುವುದಿಲ್ಲ, ಶುದ್ಧವೂ ಮಾಡುವುದಿಲ್ಲ. ನೋಡಬೇಕಾದದ್ದು ಎರಡೇ: ಚಿಪ್ಪು ಒಡೆದಿದೆಯಾ, ಕರಗುವಾಗ ಮೊಟ್ಟೆ ಎಲ್ಲಿತ್ತು.

ಚಿಪ್ಪು ಯಾಕೆ ಒಡೆಯುತ್ತೆ?

ಮೊಟ್ಟೆಯ ಒಳಗೆ ಮುಕ್ಕಾಲು ಪಾಲು ನೀರೇ. ಬಿಳಿ ಭಾಗದಲ್ಲಂತೂ ನೂರಕ್ಕೆ 88ರಷ್ಟು ನೀರು, ಹಳದಿಯಲ್ಲಿ ಅರ್ಧದಷ್ಟು. ನೀರು ಮಂಜುಗಡ್ಡೆ ಆದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಮರೆತರೆ ಏನಾಗುತ್ತೋ ಇಲ್ಲೂ ಅದೇ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದಿಷ್ಟು ಗಾಳಿ ಇರುವ ಜಾಗ ಇರುತ್ತದೆ. ಸ್ವಲ್ಪ ಹಿಗ್ಗಿದರೆ ಆ ಜಾಗ ತಡೆದುಕೊಳ್ಳುತ್ತದೆ. ಪೂರ್ತಿ ಗಟ್ಟಿಯಾದರೆ ತಡೆಯಲ್ಲ.

ಬಿರುಕು ಸಾಮಾನ್ಯವಾಗಿ ಉದ್ದಕ್ಕೆ ಬರುತ್ತದೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಜೋರಾಗಿ ಹಿಗ್ಗಿದ್ದರೆ ಬಿರುಕು ಬಾಯಿ ತೆರೆದುಕೊಂಡು, ಒಳಗಿನ ಬಿಳಿ ಪೊರೆ ಉಬ್ಬಿ ಹೊರಗೆ ಕಾಣುತ್ತದೆ. ಹುಲ್ಲಿನ ಒಂದೆರಡು ಎಳೆ, ಪುಕ್ಕದ ಚೂರು ಅಲ್ಲೇ ಅಂಟಿ ಹೆಪ್ಪುಗಟ್ಟಿರುತ್ತದೆ. ಅಂಥದ್ದನ್ನು ಕೈಯಲ್ಲಿ ಹಿಡಿದು ನೋಡಿದರೆ ಬಿಸಾಡಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಎಷ್ಟು ಚಳಿಗೆ ಮೊಟ್ಟೆ ಹೆಪ್ಪುಗಟ್ಟುತ್ತೆ?

ಸೊನ್ನೆ ಡಿಗ್ರಿಗೇ ಅಲ್ಲ. ಒಳಗೆ ಉಪ್ಪು, ಪ್ರೋಟೀನ್ ಎಲ್ಲ ಕರಗಿರುವುದರಿಂದ ಬಿಳಿ ಭಾಗ ಹೆಪ್ಪುಗಟ್ಟಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೋಗಬೇಕು, ಹಳದಿಗೆ ಇನ್ನೂ ಒಂಚೂರು ಜಾಸ್ತಿ. ಹೊರಗೆ ಮೈನಸ್ 1 ಇದ್ದರೆ, ಕೋಳಿ ಈಗಷ್ಟೇ ಎದ್ದು ಹೋದ ಹುಲ್ಲಿನ ಗೂಡಿನಲ್ಲಿ ಮೊಟ್ಟೆಗೆ ಏನೂ ಆಗುವುದಿಲ್ಲ. ಇಟ್ಟಾಗ ಅದು ಕೋಳಿಯ ಮೈ ಬಿಸಿಯಷ್ಟೇ, ಅಂದರೆ 40 ಡಿಗ್ರಿ ಆಸುಪಾಸು ಬೆಚ್ಚಗಿರುತ್ತದೆ. ಹುಲ್ಲು ದಪ್ಪಗಿದ್ದರೆ ಆ ಬಿಸಿ ಸ್ವಲ್ಪ ಹೊತ್ತು ಉಳಿಯುತ್ತದೆ. ಮೈನಸ್ 15, 20ರಲ್ಲಿ ಮಾತ್ರ ಬೇರೆ ಲೆಕ್ಕ. ಮಧ್ಯಾಹ್ನದ ತನಕ ಬಿಟ್ಟರೆ ಕಲ್ಲಾಗಿರುತ್ತದೆ.

ಕಣ್ಣಿಗೆ ಕಾಣದ ಬಿರುಕು ಇದ್ದರೆ?

ಇದೇ ನಿಜವಾದ ತೊಂದರೆ. ಕೂದಲೆಳೆಯಷ್ಟು ಸಣ್ಣ ಬಿರುಕು ಮೊಟ್ಟೆ ಕಲ್ಲಾಗಿದ್ದಾಗ ಕಾಣುವುದೇ ಇಲ್ಲ. ಕರಗಿದ ಮೇಲೆ ಲೋಳೆ ಒಸರಿದಾಗ ಗೊತ್ತಾಗುತ್ತದೆ. ಅದಕ್ಕೆ ಎರಡು ಸಲ ನೋಡಬೇಕು, ಒಮ್ಮೆ ತಂದಾಗ, ಒಮ್ಮೆ ಕರಗಿದ ಮೇಲೆ.

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮೊಟ್ಟೆಯ ದಪ್ಪ ತುದಿಗೆ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿ. ಬಿರುಕು ಇದ್ದರೆ ಬೆಳಕಿನ ಗೆರೆ ಹೊಳೆಯುತ್ತದೆ. ಬಿಳಿ ಚಿಪ್ಪಿನಲ್ಲಿ ಸುಲಭವಾಗಿ ಕಾಣುತ್ತದೆ, ಕಂದು ಚಿಪ್ಪಿನಲ್ಲಿ ಸ್ವಲ್ಪ ತಾಳ್ಮೆ ಬೇಕು. ಕರಗಿದ ಎರಡು ಮೊಟ್ಟೆಗಳನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ತಾಗಿಸಿದರೂ ಗೊತ್ತಾಗುತ್ತದೆ. ಗಟ್ಟಿ ಚಿಪ್ಪಿಗೆ ಟಣ್ ಅನ್ನುವ ಸದ್ದು, ಬಿರುಕು ಬಿಟ್ಟಿದ್ದಕ್ಕೆ ಮಂಕು ಸದ್ದು. ಇಟ್ಟ ತಟ್ಟೆಯಲ್ಲಿ ಒದ್ದೆ ಕಲೆ ಇದ್ದರೆ ಮುಂದೆ ಏನೂ ನೋಡುವುದು ಬೇಡ, ಎಸೆಯಿರಿ.

ಚಿಪ್ಪು ಒಡೆದಿದೆ, ಆದರೆ ಒಳಗಿನ ಪೊರೆ ಹರಿದಿಲ್ಲ. ಆಗಲೂ ಬಿಸಾಡಬೇಕಾ?

ಕೋಳಿ ಸಾಕುವವರ ನಡುವೆ ಜಾಸ್ತಿ ವಾದ ಆಗುವುದು ಇದರ ಮೇಲೆಯೇ. ಪೊರೆ ಗಟ್ಟಿ ಇದ್ದರೆ ಏನೂ ಆಗಲ್ಲ, ತಕ್ಷಣ ಬೇಯಿಸಿ ತಿಂದುಬಿಡಿ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಚಿಪ್ಪಿನ ಒಳಗೆ ಎರಡು ಪದರ ಪೊರೆ ಇರುವುದು ನಿಜ, ಅದು ಕೀಟಾಣುವನ್ನು ತಡೆಯುತ್ತದೆ ಅನ್ನುವುದೂ ನಿಜ. ಆದರೆ ಎಷ್ಟು ಹೊತ್ತು, ಎಷ್ಟರ ಮಟ್ಟಿಗೆ ತಡೆದಿದೆ ಅಂತ ನೋಡಿ ಹೇಳಲು ಆಗುವುದಿಲ್ಲ. ಮೊಟ್ಟೆ ಬಿದ್ದಿದ್ದು ಅಡುಗೆಮನೆಯಲ್ಲಿ ಅಲ್ಲ, ಕೋಳಿ ಹಿಕ್ಕೆ ಇರುವ ಹುಲ್ಲಿನ ಮೇಲೆ. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಕಣ್ಣಿಗೆ ಕಾಣದು.

ನನ್ನ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಒಂದು ಮೊಟ್ಟೆ ಉಳಿಸಲು ಹೋಗಿ ಮಕ್ಕಳು ವಾರಗಟ್ಟಲೆ ಹೊಟ್ಟೆ ಹಿಡಿದುಕೊಂಡು ಮಲಗುವುದು ಯಾವ ಲೆಕ್ಕಕ್ಕೂ ಲಾಭ ಅಲ್ಲ. ಕೋಳಿ ನಾಳೆ ಇನ್ನೊಂದು ಇಡುತ್ತದೆ.

ಮೈನಸ್ 20ರಲ್ಲಿ ಬ್ಯಾಕ್ಟೀರಿಯಾ ಎಲ್ಲ ಸತ್ತು ಹೋಗಲ್ವಾ?

ಇಲ್ಲ. ಇದು ತುಂಬ ಜನರ ನಂಬಿಕೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೋಳಿ, ಮೊಟ್ಟೆಯಿಂದ ತಗುಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಹೆಸರು ಸಾಲ್ಮೊನೆಲ್ಲ. ಚಳಿಗೆ ಅದು ಬೆಳೆಯುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಒಂದಷ್ಟು ಸಾಯಬಹುದು, ಉಳಿದವು ಹಾಗೇ ಇರುತ್ತವೆ. ಕರಗಿ ಬೆಚ್ಚಗಾದ ಕೂಡಲೇ ಮತ್ತೆ ಶುರು. 4 ಡಿಗ್ರಿಯಿಂದ 60 ಡಿಗ್ರಿ ನಡುವೆ ಅವು ಬೇಗ ಬೇಗ ಹೆಚ್ಚುತ್ತವೆ. ನಮ್ಮ ಅಡುಗೆಮನೆಯ ಬಿಸಿಯೂ ಈ ನಡುವೆಯೇ ಬರುತ್ತದೆ ಅಲ್ವಾ? ಅವನ್ನು ಕೊಲ್ಲುವುದು ಬೆಂಕಿ. ಮೊಟ್ಟೆಯ ಅಡುಗೆ ಒಳಗಿನ ತನಕ 71 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಹಳದಿ ಹರಿಯಬಾರದು ಅನ್ನುವುದೇ ಗುರುತು.

ನಮ್ಮದು ಮನೆ ಕೋಳಿ. ಒಳ್ಳೇ ಕಾಳು, ಸೊಪ್ಪು ತಿನ್ನುತ್ತೆ. ಸಾಲ್ಮೊನೆಲ್ಲ ಎಲ್ಲ ಫಾರಂ ಕೋಳಿಗೆ ತಾನೆ?

ಫಾರಂನಲ್ಲಿ ಬಂದರೆ ದೊಡ್ಡದಾಗಿ ಬರುತ್ತದೆ, ಹಾಗಾಗಿ ಸುದ್ದಿ ಆಗುತ್ತದೆ. 2010ರಲ್ಲಿ ಅಯೋವಾ ರಾಜ್ಯದ ಫಾರಂಗಳಿಂದ ಹೋಗಿದ್ದ 50 ಕೋಟಿಗೂ ಹೆಚ್ಚು ಮೊಟ್ಟೆಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿದರು. ಆದರೆ ಹಿತ್ತಲ ಕೋಳಿಗಳಿಂದ ಸಾಲ್ಮೊನೆಲ್ಲ ತಗುಲುವುದೂ ಅಮೆರಿಕದಲ್ಲಿ ವರ್ಷ ವರ್ಷ ಕಾಣುವ ಸಂಗತಿ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪ್ರತಿ ವರ್ಷ ಇದರ ಬಗ್ಗೆ ಎಚ್ಚರಿಕೆ ಕೊಡುತ್ತದೆ.

ಕೋಳಿ ನೋಡಲು ಚೆನ್ನಾಗಿರುತ್ತದೆ, ಓಡಾಡಿಕೊಂಡು ಇರುತ್ತದೆ, ಮೊಟ್ಟೆಯೂ ಇಡುತ್ತದೆ. ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲ ಇದ್ದರೂ ಅದಕ್ಕೆ ಏನೂ ಆಗದೇ ಇರಬಹುದು. ಹಿಕ್ಕೆಯಿಂದ ಚಿಪ್ಪಿನ ಮೇಲೆ ಬರುವುದು ಒಂದು ದಾರಿ. ಇನ್ನೊಂದು ಜಾತಿಯ ಸಾಲ್ಮೊನೆಲ್ಲ ಚಿಪ್ಪು ಕಟ್ಟುವ ಮೊದಲೇ ಕೋಳಿಯ ಅಂಡಾಶಯದಿಂದ ಮೊಟ್ಟೆಯ ಒಳಗೆ ಸೇರಿಬಿಡುತ್ತದೆ. ಆಗ ಹೊರಗೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಒಳ್ಳೇ ಮೇವು ಮೊಟ್ಟೆಗೆ ರುಚಿ, ಬಣ್ಣ ಕೊಡುತ್ತದೆ. ಇದಕ್ಕೆ ತಡೆ ಆಗುವುದಿಲ್ಲ.

ಕಲ್ಲಾದ ಮೊಟ್ಟೆ ತಂದು ಅಡುಗೆ ಕಟ್ಟೆ ಮೇಲೆ ಇಟ್ಟೆ. ಸಂಜೆ ಹೊತ್ತಿಗೆ ಕರಗಿತ್ತು. ಪರವಾಗಿಲ್ವಾ?

ಹಾಗೆ ಮಾಡಬೇಡಿ. ಚಳಿಯಿಂದ ಬೆಚ್ಚನೆ ಮನೆಗೆ ಬಂದ ಮೊಟ್ಟೆ ಬೆವರುತ್ತದೆ. ಚಿಪ್ಪಿನ ತುಂಬ ನೀರಿನ ಹನಿ ಕೂರುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಒದ್ದೆ ಚಿಪ್ಪಿನ ಮೇಲಿನ ಕೊಳೆ ಒಳಗೆ ಇಳಿಯಲು ಅದೇ ದಾರಿ. ಜೊತೆಗೆ, ಕಾಣದ ಬಿರುಕು ಇದ್ದರೆ ಇಡೀ ಮಧ್ಯಾಹ್ನ ಅದು ಬೆಚ್ಚಗೆ ತೆರೆದುಕೊಂಡು ಕೂತ ಹಾಗಾಯಿತು. ಎರಡು ಗಂಟೆಗಿಂತ ಜಾಸ್ತಿ ಹೊರಗೆ ಕರಗಿ ಕೂತ ಮೊಟ್ಟೆಯನ್ನು ನಾನು ಬಳಸುವುದಿಲ್ಲ.

ಸರಿಯಾದ ಕ್ರಮ ಸುಲಭ. ಗೂಡಿನಿಂದ ತಂದ ಕೂಡಲೇ ಒಂದು ಬಟ್ಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಬೇರೆ ಮೊಟ್ಟೆಗಳ ಜೊತೆ ಬೆರೆಸಬೇಡಿ. ಒಂದು ರಾತ್ರಿಯಲ್ಲಿ ಕರಗುತ್ತದೆ. ಬಿರುಕು ನೋಡಿ, ಅವತ್ತೇ ಅಥವಾ ಮರುದಿನ ಮುಗಿಸಿ. ಸದ್ಯಕ್ಕೆ ಬೇಡ ಅಂದರೆ ಕರಗಲು ಬಿಡದೆ ನೇರ ಫ್ರೀಜರ್‌ಗೆ ಹಾಕಬಹುದು. ಆದರೆ ಮನೆ ಫ್ರೀಜರ್ ಮೈನಸ್ 18 ಇರುತ್ತದೆ. ಗೂಡಿನಲ್ಲಿ ಅರ್ಧ ಮಾತ್ರ ಗಟ್ಟಿಯಾಗಿದ್ದ ಮೊಟ್ಟೆ ಅಲ್ಲಿ ಪೂರ್ತಿ ಗಟ್ಟಿಯಾಗಿ ಬಿರುಕು ಬಿಡುವುದು ಹೆಚ್ಚು. ಹಾಗಾಗಿ ನನಗೆ ಫ್ರಿಜ್ಜಿನ ದಾರಿಯೇ ಇಷ್ಟ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕುವ ಮಾತೇ ಬೇಡ.

ಹೆಪ್ಪುಗಟ್ಟಿದ ಮೊಟ್ಟೆ ತೊಳೆಯಬೇಕಾ?

ಬೇಡ. ಒಣ ಕೊಳೆ ಸ್ವಲ್ಪ ಇದ್ದರೆ ಒಣ ಬಟ್ಟೆಯಲ್ಲೋ ಮೃದುವಾದ ಬ್ರಷ್‌ನಲ್ಲೋ ಒರೆಸಿ. ಕೋಳಿ ಮೊಟ್ಟೆ ಇಡುವಾಗ ಚಿಪ್ಪಿನ ಮೇಲೆ ತೆಳುವಾದ ಲೇಪ ಬಂದಿರುತ್ತದೆ, ರಂಧ್ರಗಳನ್ನು ಮುಚ್ಚುವುದು ಅದೇ. ತೊಳೆದರೆ ಅದು ಹೋಗುತ್ತದೆ. ತಣ್ಣೀರಲ್ಲಿ ತೊಳೆಯುವುದು ಇನ್ನೂ ಕೆಟ್ಟದ್ದು. ಬೆಚ್ಚಗಿರುವ ಮೊಟ್ಟೆ ತಣ್ಣೀರಿಗೆ ಬಿದ್ದರೆ ಒಳಗಿನದು ಕುಗ್ಗಿ, ಹೊರಗಿನ ಕೊಳೆ ನೀರನ್ನು ರಂಧ್ರದಿಂದ ಒಳಗೆ ಎಳೆದುಕೊಳ್ಳುತ್ತದೆ. ಹಿಕ್ಕೆ ಮೆತ್ತಿಕೊಂಡು ಹೆಪ್ಪುಗಟ್ಟಿದ ಮೊಟ್ಟೆಯನ್ನು ಉಳಿಸಲು ಹೋಗಬೇಡಿ.

ಅಮೆರಿಕದ ಅಂಗಡಿ ಮೊಟ್ಟೆ ತೊಳೆದೇ ಬರುತ್ತದೆ, ಅದಕ್ಕೇ ಅದನ್ನು ಫ್ರಿಜ್ಜಿನಲ್ಲೇ ಇಡಬೇಕು. ಯುರೋಪಿನ ಬಹುತೇಕ ದೇಶಗಳಲ್ಲಿ ಅಂಗಡಿಗೆ ಬರುವ ಎ ದರ್ಜೆ ಮೊಟ್ಟೆಯನ್ನು ತೊಳೆಯುವ ಹಾಗಿಲ್ಲ. ಎರಡೂ ಕಡೆ ಅವರವರ ಲೆಕ್ಕ ಸರಿಯೇ. ಆದರೆ ಒಮ್ಮೆ ಹೆಪ್ಪುಗಟ್ಟಿದ ಮೊಟ್ಟೆಗೆ, ತೊಳೆದಿರಲಿ ಬಿಡಲಿ, ಫ್ರಿಜ್ಜೇ ಜಾಗ.

ಕರಗಿದ ಮೇಲೆ ಒಡೆದರೆ ಹಳದಿ ಗಟ್ಟಿ ಉಂಡೆ ಆಗಿದೆ. ಕೆಟ್ಟು ಹೋಗಿದೆಯಾ?

ಕೆಟ್ಟಿಲ್ಲ. ಸುಮಾರು ಮೈನಸ್ 6ಕ್ಕಿಂತ ಕೆಳಗೆ ಹೋದ ಹಳದಿಯಲ್ಲಿ ಕೊಬ್ಬು, ಪ್ರೋಟೀನ್ ಸೇರಿದ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಕರಗಿಸಿದರೂ ಮೊದಲಿನ ಹಾಗೆ ಹರಿಯುವುದಿಲ್ಲ. ಚಮಚದಲ್ಲಿ ಎತ್ತಿದರೆ ಪೂರ್ತಿ ಉಂಡೆ ಹಾಗೇ ಮೇಲೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಬೆಣ್ಣೆ ಹಾಗೆ ಹಿಸುಕಿಕೊಳ್ಳುತ್ತದೆ. ಮೊದಲ ಸಲ ನೋಡಿದವರಿಗೆ ಬೇಯಿಸಿದ್ದೋ ಹಸಿಯೋ ಅನ್ನುವ ಅನುಮಾನ ಬರುತ್ತದೆ. ಹಸಿಯೇ. ಬೇಯಿಸಲೇಬೇಕು.

ಬಿಳಿ ಭಾಗಕ್ಕೆ ಅಷ್ಟೇನೂ ಆಗುವುದಿಲ್ಲ. ಸ್ವಲ್ಪ ನೀರಾದ ಹಾಗೆ ಕಾಣುತ್ತದೆ, ಬೀಟ್ ಮಾಡಿದರೆ ನೊರೆ ಚೆನ್ನಾಗಿಯೇ ಬರುತ್ತದೆ. ಕೆಟ್ಟಿದೆಯಾ ಅಂತ ನೋಡಲು ಮೂಗೇ ಸಾಕು. ಕೊಳೆತ ವಾಸನೆ ಬಂದರೆ, ಬಿಳಿಯಲ್ಲಿ ಗುಲಾಬಿ ಅಥವಾ ಹಸಿರು ಛಾಯೆ ಕಂಡರೆ ಎಸೆಯಿರಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಸಾಲ್ಮೊನೆಲ್ಲ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಯಾವ ಅಡುಗೆಗೆ ಹೊಂದುತ್ತೆ?

ಎಗ್ ಬುರ್ಜಿ. ನನ್ನ ಮೊದಲ ಉತ್ತರವೂ ಅದೇ, ಕೊನೆಯ ಉತ್ತರವೂ ಅದೇ. ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಅರಿಶಿನ ಹಾಕಿ, ಮೊಟ್ಟೆ ಒಡೆದು ಹಾಕಿ. ಹಳದಿ ಉಂಡೆಯನ್ನು ಸೌಟಿನ ಹಿಂಬದಿಯಿಂದ ಚೆನ್ನಾಗಿ ಹಿಸುಕಬೇಕು, ಇಲ್ಲದಿದ್ದರೆ ಅಲ್ಲಲ್ಲಿ ಗಂಟು ಉಳಿಯುತ್ತದೆ. ಒದ್ದೆ ಇಲ್ಲದ ಹಾಗೆ ಉದುರುದುರಾಗುವ ತನಕ ಹುರಿಯಿರಿ. ಹೆಪ್ಪುಗಟ್ಟಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಫ್ರಿಜ್ಜಿನಲ್ಲಿ ಕರಗಿದ ಮೇಲೆ ಚಿಪ್ಪಿನ ಸಮೇತ ಗಟ್ಟಿಯಾಗಿ ಬೇಯಿಸಿ ಮೊಟ್ಟೆ ಸಾರಿಗೂ ಹಾಕಬಹುದು. ಹಳದಿ ಸ್ವಲ್ಪ ಅಂಟಂಟು ಅನಿಸುತ್ತದೆ, ಸಾರಿನ ಖಾರದಲ್ಲಿ ಅಡಗಿ ಹೋಗುತ್ತದೆ. ಆಮ್ಲೆಟ್‌ಗೆ ಅಷ್ಟು ಚೆನ್ನಾಗಿಲ್ಲ, ಹಳದಿ ಬೆರೆಯುವುದೇ ಇಲ್ಲ. ಕೇಕಿಗೆ ಹಾಕುವುದಾದರೆ ಮಿಕ್ಸಿಯಲ್ಲಿ ಬಿಳಿ, ಹಳದಿ ಒಟ್ಟಿಗೆ ತಿರುವಿಕೊಳ್ಳಿ. ಕಸ್ಟರ್ಡ್, ಮೇಯನೇಸ್ ಮಾಡಲು ಹೋಗಬೇಡಿ. ಬರುವುದೂ ಇಲ್ಲ, ಹಸಿ ಮೇಯನೇಸ್ ಆದರೆ ಅಪಾಯವೂ ಹೌದು.

ಹಾಫ್ ಬಾಯಿಲ್ಡ್ ಮಾಡಬಹುದಾ? ಹಸಿ ಮೊಟ್ಟೆ ಹಾಲಿಗೆ ಹಾಕಿ ಕುಡಿಯಬಹುದಾ?

ಎರಡೂ ಬೇಡ. ನಮ್ಮ ಕಡೆ ಹಸಿ ನಾಟಿ ಮೊಟ್ಟೆಗೆ ದೊಡ್ಡ ಮರ್ಯಾದೆ ಇದೆ. ಕೆಲವು ಮನೆಗಳಲ್ಲಿ ಮೈನೆರೆದ ಹುಡುಗಿಯರಿಗೆ ಕುಡಿಸುತ್ತಾರೆ, ಗರಡಿಮನೆಗೆ, ಜಿಮ್ಮಿಗೆ ಹೋಗುವ ಹುಡುಗರು ಬೆಳಗ್ಗೆ ಎದ್ದು ಒಡೆದು ಕುಡಿಯುತ್ತಾರೆ. ಊರಿಂದ ಬಂದ ಅತ್ತೆ, ಅಮ್ಮ "ಮನೆ ಕೋಳೀದಲ್ವಾ, ಕುಡಿ ಮಗಾ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಅವರಿಗೆ ಬೇಸರ ಮಾಡಬೇಕಾಗಿಲ್ಲ. ಬೇಯಿಸಿದ ಮೊಟ್ಟೆಯಲ್ಲಿ ಶಕ್ತಿ ಕಮ್ಮಿ ಆಗುವುದಿಲ್ಲ, ಅದರ ಪ್ರೋಟೀನ್ ಹಸಿಯದ್ದಕ್ಕಿಂತ ಚೆನ್ನಾಗಿಯೇ ಮೈಗೆ ಹತ್ತುತ್ತದೆ ಅಂತ ಹೇಳಿ. ಇದು ನಿಜವೂ ಹೌದು.

ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲೋ ಬೇರೆ ಕಾಯಿಲೆಯಿಂದಲೋ ದೇಹದ ತಡೆ ಕಮ್ಮಿ ಇರುವವರು, ಇವರಿಗೆ ಗೂಡಿನಲ್ಲಿ ಹೆಪ್ಪುಗಟ್ಟಿದ ಮೊಟ್ಟೆಯನ್ನು ಬೇಯಿಸಿಯೂ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅವರ ಪಾಲಿಗೆ ಹೊಸ ಮೊಟ್ಟೆ ಎತ್ತಿಡಿ.

ನೀರಲ್ಲಿ ಹಾಕಿ ಮುಳುಗುತ್ತಾ ತೇಲುತ್ತಾ ನೋಡಿದರೆ ಗೊತ್ತಾಗಲ್ವಾ?

ಆ ಪರೀಕ್ಷೆ ವಯಸ್ಸು ಹೇಳುತ್ತದೆ, ಅಷ್ಟೇ. ಹಳೆಯದಾದಂತೆ ಒಳಗಿನ ನೀರು ಆರಿ ಗಾಳಿಯ ಜಾಗ ದೊಡ್ಡದಾಗುತ್ತದೆ, ಮೊಟ್ಟೆ ತೇಲುತ್ತದೆ. ಇವತ್ತೇ ಇಟ್ಟು ಇವತ್ತೇ ಬಿರುಕು ಬಿಟ್ಟ ಮೊಟ್ಟೆ ಕಲ್ಲಿನ ಹಾಗೆ ಮುಳುಗುತ್ತದೆ, ತಿನ್ನಲು ಮಾತ್ರ ಬರುವುದಿಲ್ಲ.

ಅಂಗಡಿಗಳಲ್ಲೂ ಫ್ರೋಜನ್ ಮೊಟ್ಟೆ ಮಾರುತ್ತಾರಲ್ಲ? ಅದು ಹೇಗೆ ಸರಿ?

ಅದು ಬೇರೆಯೇ. ಚಿಪ್ಪು ತೆಗೆದು, ಸೋಸಿ, ಪಾಶ್ಚರೀಕರಣ ಮಾಡಿ ಆಮೇಲೆ ಹೆಪ್ಪುಗಟ್ಟಿಸಿದ್ದು. ಅಮೆರಿಕದಲ್ಲಿ 1970ರ ಮೊಟ್ಟೆ ಉತ್ಪನ್ನಗಳ ತಪಾಸಣೆ ಕಾಯಿದೆ ಬಂದ ಮೇಲೆ ಇದು ಕಡ್ಡಾಯ. ಬಿಳಿ, ಹಳದಿ ಸೇರಿದ ಮೊಟ್ಟೆಯನ್ನು 60 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಕಾಯಿಸುವುದು ಪದ್ಧತಿ. ಕೀಟಾಣು ಸತ್ತಿದ್ದು ಆ ಬಿಸಿಗೆ, ಫ್ರೀಜರ್‌ಗೆ ಅಲ್ಲ.

ಬೇಸಿಗೆಯಲ್ಲಿ ಮೊಟ್ಟೆ ಜಾಸ್ತಿ ಬರುತ್ತೆ. ಬೇಕಂತಲೇ ಫ್ರೀಜರ್‌ನಲ್ಲಿ ಇಡಬಹುದಾ?

ಖಂಡಿತ ಇಡಬಹುದು, ಇಡಬೇಕು ಕೂಡ. ಹಗಲು ಚಿಕ್ಕದಾದರೆ ಕೋಳಿ ಇಡುವುದು ಕಮ್ಮಿ ಮಾಡುತ್ತದೆ. ಚೆನ್ನಾಗಿ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಜೂನ್ ತಿಂಗಳ ಮೊಟ್ಟೆ ಡಿಸೆಂಬರ್‌ಗೆ ಉಳಿದರೆ ಎಷ್ಟು ಅನುಕೂಲ. ಚಿಪ್ಪಿನ ಸಮೇತ ಮಾತ್ರ ಇಡಬೇಡಿ.

ತಾಜಾ, ಶುದ್ಧವಾದ ಮೊಟ್ಟೆ ಆರಿಸಿ. ಒಂದೊಂದನ್ನೂ ಮೊದಲು ಚಿಕ್ಕ ಬಟ್ಟಲಿಗೆ ಒಡೆದು ನೋಡಿ, ಆಮೇಲೆ ದೊಡ್ಡದಕ್ಕೆ ಹಾಕಿ. ಬಿಳಿ, ಹಳದಿ ಬೆರೆಯುವಷ್ಟು ಮಾತ್ರ ಫೋರ್ಕಿನಿಂದ ಕಲಸಿ, ನೊರೆ ಬರಿಸಬೇಡಿ. ಒಂದು ಕಪ್ ಮೊಟ್ಟೆಗೆ ಅರ್ಧ ಟೀ ಚಮಚ ಉಪ್ಪು ಹಾಕಿದರೆ ಹಳದಿ ಗಂಟು ಕಟ್ಟುವುದಿಲ್ಲ. ಸಿಹಿಗೆ ಬಳಸುವುದಾದರೆ ಉಪ್ಪಿನ ಬದಲು ಒಂದೂವರೆ ಟೇಬಲ್ ಚಮಚ ಸಕ್ಕರೆ. ಯಾವುದು ಹಾಕಿದ್ದೀರಿ ಅಂತ ಡಬ್ಬಿ ಮೇಲೆ ಬರೆಯಲೇಬೇಕು. ಇಲ್ಲದಿದ್ದರೆ ಬುರ್ಜಿ ಸಿಹಿ ಆಗುತ್ತದೆ. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಆಮೇಲೆ ಬಿಡಿಸಿ ಚೀಲಕ್ಕೆ ತುಂಬುವುದು ಸುಲಭದ ದಾರಿ. ಕರಗಿದ ಮೇಲೆ ಮೂರು ಟೇಬಲ್ ಚಮಚ ಅಂದರೆ ಒಂದು ಮೊಟ್ಟೆ ಲೆಕ್ಕ. ಬರೀ ಬಿಳಿ ಭಾಗಕ್ಕೆ ಏನೂ ಸೇರಿಸಬೇಕಾಗಿಲ್ಲ. ಮೈನಸ್ 18ರಲ್ಲಿ ಒಂದು ವರ್ಷದ ತನಕ ಇರುತ್ತದೆ. ಕರಗಿಸುವುದು ಮತ್ತೆ ಫ್ರಿಜ್ಜಿನಲ್ಲೇ.

ನಾವು ಕರ್ನಾಟಕದಲ್ಲೇ ಇರೋದು. ಇಲ್ಲಿ ಇದೆಲ್ಲ ಬೇಕಾ?

ಗೂಡಿನಲ್ಲಿ ಮೊಟ್ಟೆ ಹೆಪ್ಪುಗಟ್ಟುವ ಚಳಿ ನಮ್ಮ ಕಡೆ ಇಲ್ಲ. ಬೀದರ್‌ನಲ್ಲೋ ವಿಜಯಪುರದಲ್ಲೋ ಎಷ್ಟೇ ಚಳಿ ಬಿದ್ದರೂ ಮೊಟ್ಟೆ ಕಲ್ಲಾಗುವುದಿಲ್ಲ. ಗಿರಿರಾಜ, ಸ್ವರ್ಣಧಾರ, ನಾಟಿ, ಯಾವುದೇ ಕೋಳಿ ಸಾಕಿದ್ದರೂ ಈ ಚಿಂತೆ ಬೇಡ. ಆದರೆ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮೇಲಿನ ಐಸ್ ಪೆಟ್ಟಿಗೆಗೆ ತಾಗಿಕೊಂಡು ಇಟ್ಟ ಮೊಟ್ಟೆ ಒಡೆದು ಹೋಗುವುದನ್ನು ತುಂಬ ಮನೆಗಳಲ್ಲಿ ನೋಡಿರುತ್ತೀರಿ. ಅಲ್ಲೂ ಇದೇ ನಿಯಮ. ಒಡೆದಿದ್ದರೆ ಬಿಡಿ, ಇಲ್ಲದಿದ್ದರೆ ಚೆನ್ನಾಗಿ ಬೇಯಿಸಿ.

ಕರೆಂಟ್ ಹೋಗಿ ಬಂದು ಮಾಡುವ ಊರಲ್ಲಿ ಇನ್ನೊಂದು ಮಾತು. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಕರೆಂಟ್ ಇಲ್ಲದೆ, ಹೆಪ್ಪುಗಟ್ಟಿದ್ದು ಕರಗಿ, ಮತ್ತೆ ಹೆಪ್ಪುಗಟ್ಟಿದ ಮೊಟ್ಟೆಯನ್ನು ನಂಬಬೇಡಿ.

ಹಕ್ಕಿ ಜ್ವರದ ಸಮಯದಲ್ಲಿ ಹೆಪ್ಪುಗಟ್ಟಿದ ಮೊಟ್ಟೆ ಸುರಕ್ಷಿತವಾ?

ಚಳಿ ಈ ವೈರಸ್ಸನ್ನೂ ಕೊಲ್ಲುವುದಿಲ್ಲ, ಇನ್ನೂ ಕಾಪಾಡುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಕೋಳಿಗಳು ಇದ್ದಕ್ಕಿದ್ದ ಹಾಗೆ ಸಾಯುತ್ತಿದ್ದರೆ, ತಲೆ ಊದಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ ಆ ಗೂಡಿನ ಮೊಟ್ಟೆಯನ್ನು ಬೇಯಿಸಿಯೂ ತಿನ್ನಬೇಡಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ.

ಗೂಡಿನಲ್ಲಿ ಹೆಪ್ಪುಗಟ್ಟದ ಹಾಗೆ ಏನು ಮಾಡಬಹುದು?

ಬೇಗ ತೆಗೆಯುವುದಕ್ಕಿಂತ ದೊಡ್ಡ ಉಪಾಯ ಇಲ್ಲ. ಹೆಚ್ಚಿನ ಕೋಳಿಗಳು ಬೆಳಕಾದ ಮೇಲೆ ಮಧ್ಯಾಹ್ನದೊಳಗೆ ಇಟ್ಟು ಮುಗಿಸುತ್ತವೆ. ಆ ಹೊತ್ತಿನಲ್ಲಿ ಎರಡು ಮೂರು ಸಲ ಹೋಗಿ ಬಂದರೆ ಅರ್ಧಕ್ಕರ್ಧ ತೊಂದರೆ ತಪ್ಪುತ್ತದೆ. ಆಫೀಸಿಗೆ ಹೋಗುವವರಿಗೆ ಇದು ಕಷ್ಟ, ಗೊತ್ತು. ಹಾಗಿದ್ದರೆ ಮೊಟ್ಟೆ ಇಡುವ ಪೆಟ್ಟಿಗೆಯನ್ನು ಗೋಡೆಯ ಹೊರಗೆ ಚಾಚಿಕೊಂಡಿರುವ ಹಾಗೆ ಇಡದೆ ಗೂಡಿನ ಒಳಗೇ ಇಡಿ, ಕೆಳಗೆ ದಪ್ಪಗೆ ಒಣಹುಲ್ಲು ಹಾಕಿ, ಬಾಯಿಗೆ ಗೋಣಿಚೀಲದ ಪರದೆ ಕಟ್ಟಿ. ಕೋಳಿಗಳು ಪರದೆಗೆ ಒಂದೆರಡು ದಿನ ಹೆದರುತ್ತವೆ, ಆಮೇಲೆ ಆ ಮರೆಯೇ ಅವಕ್ಕೆ ಇಷ್ಟವಾಗುತ್ತದೆ.

ಬೆಚ್ಚಗಿರಲಿ ಅಂತ ಗಾಳಿ ಕಿಂಡಿ ಮುಚ್ಚಬೇಡಿ. ಉಸಿರಿನ, ಹಿಕ್ಕೆಯ ತೇವ ಒಳಗೇ ನಿಂತರೆ ಕೋಳಿಯ ಜುಟ್ಟಿಗೆ ಹಿಮಗಾಯ ಆಗುತ್ತದೆ. ಹೊಸದಾಗಿ ಕೋಳಿ ತರುವವರು ಚಿಕ್ಕ ಜುಟ್ಟಿನ ತಳಿ ನೋಡಿ. ಕ್ವಿಬೆಕ್‌ನ ಓಕಾದಲ್ಲಿ ಒಬ್ಬ ಸನ್ಯಾಸಿ ಕೆನಡಾದ ಚಳಿಗೆಂದೇ ಬೆಳೆಸಿದ ಶಾಂಟೆಕ್ಲೇರ್ ತಳಿಗೆ ಜುಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು.

ಹೀಟ್ ಲ್ಯಾಂಪ್ ಹಾಕಿದರೆ?

ಹಾಕಬೇಡಿ. ಒಣಹುಲ್ಲು, ಧೂಳು, ಹಾರುವ ಕೋಳಿ, ಕೆಂಪಗೆ ಕಾದ ಬಲ್ಬು. ಗೂಡಿಗೆ ಬೆಂಕಿ ಬೀಳುವುದು ಹೀಗೆಯೇ, ಅದು ಮನೆಗೂ ಹಬ್ಬಬಹುದು.

ಗೊತ್ತಿಲ್ಲದೆ ಬಿರುಕು ಬಿಟ್ಟಿದ್ದನ್ನು ತಿಂದುಬಿಟ್ಟಿದ್ದೇವೆ. ಈಗ ಏನು ಮಾಡಲಿ?

ಗಾಬರಿ ಬೇಡ. ಚೆನ್ನಾಗಿ ಬೆಂದಿದ್ದರೆ ಏನೂ ಆಗದೇ ಇರುವುದೇ ಹೆಚ್ಚು. ಸಾಲ್ಮೊನೆಲ್ಲ ತಗುಲಿದ್ದರೆ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆ ನುಲಿತ ಶುರುವಾಗುತ್ತದೆ. ಬಹಳ ಜನಕ್ಕೆ 4ರಿಂದ 7 ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಓಆರ್‌ಎಸ್, ಗಂಜಿ, ನೀರು ಮಜ್ಜಿಗೆ, ಹೀಗೆ ನೀರಿನಂಶ ಹೋಗುತ್ತಿರಲಿ. ಜ್ವರ 38.9 ಡಿಗ್ರಿ ದಾಟಿದರೆ, ಮಲದಲ್ಲಿ ರಕ್ತ ಬಂದರೆ, ಮೂರು ದಿನವಾದರೂ ಭೇದಿ ನಿಲ್ಲದಿದ್ದರೆ, ಕುಡಿದ ನೀರೂ ವಾಂತಿಯಾದರೆ ಡಾಕ್ಟರ ಹತ್ತಿರ ಹೋಗಿ, ಮನೆಯಲ್ಲಿ ಕೋಳಿ ಸಾಕಿದ್ದೀರಿ ಅಂತ ಹೇಳಿ. ಮಕ್ಕಳು, ಬಸುರಿಯರು, ವಯಸ್ಸಾದವರ ವಿಷಯದಲ್ಲಿ ಇಷ್ಟು ಕಾಯಬೇಡಿ.

ಒಡೆದ ಮೊಟ್ಟೆಯನ್ನು ಕೋಳಿಗೇ ಹಾಕಬಹುದಾ?

ಬೇಯಿಸಿ, ಪುಡಿ ಮಾಡಿ ಹಾಕಬಹುದು. ಹಸಿಯಾಗಿ, ಚಿಪ್ಪಿನ ಆಕಾರದಲ್ಲೇ ಹಾಕಿದರೆ ಕೋಳಿಗೆ ಮೊಟ್ಟೆಯ ರುಚಿ ಹತ್ತುತ್ತದೆ. ಆಮೇಲೆ ತಾನಿಟ್ಟಿದ್ದನ್ನೇ ಕುಕ್ಕಿ ತಿನ್ನಲು ಶುರು ಮಾಡುತ್ತದೆ, ಆ ಚಾಳಿ ಬಿಡಿಸುವುದು ತುಂಬ ಕಷ್ಟ.

ಹೆಪ್ಪುಗಟ್ಟಿದ ಮೊಟ್ಟೆಯನ್ನು ಕಾವಿಗೆ ಇಟ್ಟರೆ ಮರಿ ಬರುತ್ತಾ?

ಬರುವುದಿಲ್ಲ. ಹೆಪ್ಪುಗಟ್ಟುವಾಗಲೇ ಒಳಗಿನ ಭ್ರೂಣ ಸತ್ತಿರುತ್ತದೆ. ಮರಿ ಮಾಡಿಸುವ ಮೊಟ್ಟೆಯನ್ನು 12ರಿಂದ 18 ಡಿಗ್ರಿಯಲ್ಲಿ ಇಟ್ಟು, ವಾರದೊಳಗೆ ಕಾವಿಗೆ ಕೂರಿಸಿ.